ಊರಿಗೆ ಹಾಲಿನ ಡೇರಿ ಬಂದ್ರೆ ನಿಜಕ್ಕೂ ಏನು ಬದಲಾಗುತ್ತೆ? ಕಂಡವರು ಹೇಳಿ

ಕೇಳಿದವರು, ಶ್ರೀನಿವಾಸಪುರ ತಾಲ್ಲೂಕು: ನಮ್ಮೂರಲ್ಲಿ ಎಂಬತ್ತು ಮನೆ. ಹಾಲೆಲ್ಲ ಖಾಸಗಿ ವ್ಯಾನಿಗೆ ಹೋಗುತ್ತೆ. ನಾವು ಕೆಲವರು ಸೇರಿ ಸಹಕಾರ ಸಂಘ ಮಾಡೋಣ ಅಂತಿದ್ದೀವಿ. "ಬೇಸಿಗೇಲಿ ವ್ಯಾನಿನವರೇ ಲೀಟರಿಗೆ ಒಂದೆರಡು ರೂಪಾಯಿ ಜಾಸ್ತಿ ಕೊಡ್ತಾರೆ, ಡೇರಿ ಯಾಕೆ?" ಅಂತಾರೆ ದೊಡ್ಡವರು. ಏನು ಹೇಳಲಿ?

ಮುಳಬಾಗಿಲಿನಿಂದ: ಅಣ್ಣಾ, ಬೇಸಿಗೆ ರೇಟು ಬಿಡಿ, ಮಳೆಗಾಲದ್ದು ಕೇಳಿ. ಹಸಿಮೇವು ಬಂದು ಹಾಲು ಹೆಚ್ಚಾದಾಗ ವ್ಯಾನಿನವರು "ಇವತ್ತು ಸಾಕು" ಅಂತ ಹೋಗಿಬಿಡೋರು. ಅಮ್ಮ ತುಂಬಿದ ಕ್ಯಾನು ಹೊತ್ತು ವಾಪಸ್ ಬಂದದ್ದು ನನಗೆ ಮರೆತಿಲ್ಲ. ಡೇರಿ ಆದ ಮೇಲೆ ನಮ್ಮ ಮನೇಲಿ ಹಾಗಾಗಿಲ್ಲ.

ನಮ್ಮದು ವರ್ಷವಿಡೀ ಹರಿಯೋ ನದಿ ಇಲ್ಲದ ಸೀಮೆ, ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಟೊಮೆಟೊ ಒಂದು ವರ್ಷ ಕೈ ಹಿಡಿದ್ರೆ ಇನ್ನೊಂದು ವರ್ಷ ರಸ್ತೇಲಿ ಸುರಿಯೋ ಹಾಗೆ ಮಾಡುತ್ತೆ. ರೇಷ್ಮೆ ಗೂಡಿನ ರೇಟೂ ಹಾಗೇ. ಡೇರಿಯ ಬಟವಾಡೆ, ಅಂದ್ರೆ ಹಾಕಿದ ಹಾಲಿನ ದುಡ್ಡು ಮಾತ್ರ ಬರ್ತಾ ಇರುತ್ತೆ. ನನ್ನ ಡಿಪ್ಲೊಮಾ ಫೀಸು ಕಟ್ಟಿದ್ದು ಎರಡು ಸೀಮೆ ಹಸು. ಬಟವಾಡೆ ದಿನ ಅಂಗಡಿಯವರ ಬಾಕಿ ತೀರುತ್ತೆ, ಬೂಸಾ ಮೂಟೆ ಬರುತ್ತೆ, ದುಡ್ಡು ಊರೊಳಗೇ ಓಡಾಡುತ್ತೆ. ಜಮೀನಿಲ್ಲದವರು ಬದುವಿನ ಹುಲ್ಲು ಕೊಯ್ದು ಒಂದು ಹಸು ಕಟ್ಟಿದ್ರೂ ಸಂಘದಲ್ಲಿ ಅವರಿಗೊಂದು ವೋಟು. ಹತ್ತು ಹಸು ಇರೋರಿಗೂ ಅಷ್ಟೇ.

ವ್ಯಾನಿನ ರೇಟಿಗೆ ಹೋಲಿಸುವಾಗ ಸರ್ಕಾರ ಲೀಟರಿಗೆ ಕೊಡೋ 5 ರೂಪಾಯಿ ಪ್ರೋತ್ಸಾಹಧನ ಸೇರಿಸಿ. 2008ರಲ್ಲಿ 2 ರೂಪಾಯಿಯಿಂದ ಶುರುವಾದದ್ದು, ಸಹಕಾರ ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ಆದ್ರೆ ತಿಂಗಳುಗಟ್ಟಲೆ ತಡವಾಗುತ್ತೆ. ಅದನ್ನ ನಂಬಿ ಸಾಲದ ಕಂತು ಒಪ್ಪಿಕೋಬೇಡಿ.

ಚಿಂತಾಮಣಿ ಕಡೆಯಿಂದ: ಮೇಲಿನವರು ಹೇಳಿದ್ದು ಸರಿ, ಆದ್ರೆ ಬೋರ್ಡು ಹಾಕಿದ ಮಾತ್ರಕ್ಕೆ ಆಗಲ್ಲ. ನಮ್ಮೂರ ಡೇರೀಲಿ ಕೆಲವು ವರ್ಷ ಪರೀಕ್ಷೆ ಮಾಡದೇ ಎಲ್ಲರ ಹಾಲಿಗೂ ಒಂದೇ ಫ್ಯಾಟ್ (ಕೊಬ್ಬಿನಂಶ) ಬರೆದ್ರು. ನೀರು ಬೆರೆಸಿದವರಿಗೂ ಅದೇ ದುಡ್ಡು, ಹಿಂಡಿ ತಿನ್ನಿಸಿ ಗಟ್ಟಿ ಹಾಲು ಹಾಕಿದ ನನಗೂ ಅದೇ. ಬೇಜಾರಾಗಿ ಒಳ್ಳೇ ಹಾಲು ಹಾಕೋರೇ ವ್ಯಾನಿಗೆ ಹೊರಟ್ರು. ಯಂತ್ರ ಎಲ್ಲರೆದುರಿಗೆ ಇಟ್ಟು ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಉಳಿದ ಘನಾಂಶ) ಬರೆದ ಚೀಟಿ ಕೈಗೆ ಕೊಡೋಕೆ ಶುರು ಮಾಡಿದ ಮೇಲೇ ಅವರು ತಿರುಗಿ ಬಂದದ್ದು. ಮೊದಲ ದಿನದಿಂದಲೇ ಚೀಟಿ ಇರಲಿ. ವಾರ್ಷಿಕ ಸಭೇಲಿ ಲೆಕ್ಕ ಓದಿಸಿ. ಬೋನಸ್ ಹಂಚೋದು ವರ್ಷವಿಡೀ ಯಾರು ಎಷ್ಟು ಹಾಲು ಹಾಕಿದ್ರು ಅನ್ನೋದರ ಮೇಲೆ, ಅದನ್ನ ಕೇಳೋಕೆ ಸಂಕೋಚ ಬೇಡ.

ಮಾಲೂರಿನಿಂದ: ಸಾಧ್ಯವಾದ್ರೆ ಮಹಿಳಾ ಸಂಘವನ್ನೇ ಮಾಡಿ ಅಣ್ಣಾ. ನಮ್ಮತ್ತೆ ಮೂವತ್ತು ವರ್ಷ ಹಾಲು ಕರೆದ್ರು, ದುಡ್ಡು ಮಾವನವರ ಕೈಗೆ ಹೋಗೋದು. ಮಹಿಳಾ ಡೇರಿ ಆದಾಗ ಅತ್ತೆ ಹೆಸರಲ್ಲಿ ಬ್ಯಾಂಕ್ ಖಾತೆ ಆಯ್ತು. ಮೊದಲು ಉಳಿಸಿದ ದುಡ್ಡಲ್ಲಿ ಅವರು ಕಣ್ಣಿನ ಪೊರೆ ತೆಗೆಸಿಕೊಂಡ್ರು, ಯಾರನ್ನೂ ಕೇಳದೆ.

ಈಗ ಮಾಡಬೇಕಾದ್ದು: ಊರೂರ ಸಂಘಗಳಿಂದ ಹಾಲು ಕೊಳ್ಳೋ ಹಾಲು ಒಕ್ಕೂಟದ ವಿಸ್ತರಣಾಧಿಕಾರಿಯನ್ನ ಊರಿಗೆ ಕರೆಸಿ. ಅದಕ್ಕೂ ಮುಂಚೆ ಯಾರ ಮನೇಲಿ ಎಷ್ಟು ಲೀಟರ್ ಅಂತ ನೀವೇ ಮನೆಮನೆಗೆ ಹೋಗಿ ಬರ್ಕೊಳ್ಳಿ. ಬೇಸಿಗೇಲಿ ಬರ್ಕೊಳ್ಳಿ, ಹಾಲು ತೀರಾ ಕಮ್ಮಿ ಇರೋ ಕಾಲ ಅದು. ಆ ಲೆಕ್ಕಕ್ಕೆ ನಡೆಯೋ ಡೇರಿ ವರ್ಷವಿಡೀ ನಡೆಯುತ್ತೆ.