ಜೂನ್ 16ರ ನಂತರ ಬಂದ ದೋಣಿಗಳು

ಪ್ರಶ್ನೆ: ಮೇಡಂ ನಮಸ್ಕಾರ. ಮಗಳ ಮನೆಗೆಂದು ಹಾಂಗ್‌ಕಾಂಗ್‌ಗೆ ಬಂದಿದ್ದೇನೆ. ಪಕ್ಕದ ಮನೆಯ ಹಿರಿಯರು ವಿಯೆಟ್ನಾಮಿನಿಂದ ದೋಣಿಯಲ್ಲಿ ಬಂದವರ ಕತೆ ಹೇಳುತ್ತಾ, ‘ಬಾತ್ ದೌ ತು ನಾಯ್’ ಅಂತ ಆಗ ರೇಡಿಯೊದಲ್ಲಿ ಮತ್ತೆ ಮತ್ತೆ ಬರುತ್ತಿತ್ತು ಅಂದರು. ಏನದು? ಆಶ್ರಯ ಕೇಳಿದವರನ್ನು ವಾಪಸ್ ಕಳಿಸಿದ್ದು ಸರಿಯೇ?

ಉತ್ತರ (ವಕೀಲರು): ನಮಸ್ಕಾರ ಸರ್. ‘ಇಂದಿನಿಂದ’ ಎಂದರ್ಥ. ಹೊಸ ನೀತಿಯನ್ನು ವಿಯೆಟ್ನಾಮಿ ಭಾಷೆಯಲ್ಲೇ ಸಾರುತ್ತಿದ್ದ ಸರ್ಕಾರಿ ಪ್ರಕಟಣೆ ಶುರುವಾಗುತ್ತಿದ್ದುದೇ ಹಾಗೆ. 1988ರ ಜೂನ್ 16ಕ್ಕೆ ಮೊದಲು ಬಂದವರನ್ನೆಲ್ಲ ವಿಚಾರಣೆಯಿಲ್ಲದೆ ನಿರಾಶ್ರಿತರೆಂದೇ ಒಪ್ಪುತ್ತಿದ್ದರು. ಅಮೆರಿಕ, ಕೆನಡಾದಂಥ ದೇಶಗಳು ಕರೆಸಿಕೊಳ್ಳುವ ತನಕ ಶಿಬಿರದಲ್ಲಿ ಕಾಯಬೇಕಿತ್ತು. ಆ ದೇಶಗಳು ಕೈ ಬಿಗಿಹಿಡಿದವು, ದೋಣಿಗಳು ನಿಲ್ಲಲಿಲ್ಲ. ಹಾಗಾಗಿ ಜೂನ್ 16ರಿಂದ ಬಂದವರೆಲ್ಲ ಅಕ್ರಮ ವಲಸಿಗರು. ‘ಊರಲ್ಲಿ ನನಗೆ ಕಿರುಕುಳದ ಭಯವಿದೆ’ ಎಂದು ಅಧಿಕಾರಿಯ ಮುಂದೆ ತೋರಿಸಿಕೊಟ್ಟವರು ಮಾತ್ರ ನಿರಾಶ್ರಿತರು. ಬಡತನ, ಹಸಿವು ಲೆಕ್ಕಕ್ಕಿಲ್ಲ.

ನಾನು ದೆಹಲಿಯಲ್ಲಿ ಬರ್ಮಾದಿಂದ ಬಂದವರ ಅರ್ಜಿ ಬರೆದುಕೊಡುತ್ತೇನೆ. ಊರು ಬಿಟ್ಟ ತಾರೀಖು ಕೇಳಿದರೆ, ಮಡಿಲಲ್ಲಿ ಮಗು ಮಲಗಿಸಿಕೊಂಡ ತಾಯಿಯೊಬ್ಬಳು ‘ಭತ್ತ ಕೊಯ್ಲಿನ ಹೊತ್ತು’ ಅಂದಳು. ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ. ದುಭಾಷಿ ಒಂದು ತಿಂಗಳು ಊಹಿಸಿ ಹೇಳಿದರೆ, ಮುಂದಿನ ಸಲ ಅದೇ ಅವಳ ಸುಳ್ಳಾಗಿ ಕಾಣುತ್ತದೆ. ಹಾಂಗ್‌ಕಾಂಗ್‌ನಲ್ಲಿ ಸಾವಿರಾರು ಜನರ ಹಣೆಬರಹ ಇಂಥ ಸಂದರ್ಶನದಲ್ಲೇ ತೀರ್ಮಾನವಾಯಿತು.

ಪ್ರಶ್ನೆ: ತಿರಸ್ಕೃತರಾದವರನ್ನು ಬಲವಂತವಾಗಿಯೇ ಕಳಿಸಿದರಾ?

ಉತ್ತರ: ಮೊದಲು ಒಪ್ಪಿದವರನ್ನು ಮಾತ್ರ, 1989ರ ಮಾರ್ಚ್‌ನಿಂದ. ವಾಪಸಾದವರನ್ನು ಶಿಕ್ಷಿಸುವುದಿಲ್ಲವೆಂದು ವಿಯೆಟ್ನಾಂ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಮಾತು ಕೊಟ್ಟಿತ್ತು. ಆದರೆ ಅದೇ ಡಿಸೆಂಬರ್ 12ರಂದು ಬೆಳಗಾಗುವ ಮುಂಚೆ ಗಲಭೆ ನಿಗ್ರಹ ಪೊಲೀಸರು 51 ಮಂದಿಯನ್ನು ಎಬ್ಬಿಸಿ ಹನೋಯ್ ವಿಮಾನಕ್ಕೆ ಹತ್ತಿಸಿದರು. 8 ಗಂಡಸರು, 17 ಹೆಂಗಸರು, 26 ಮಕ್ಕಳು. ಜಗತ್ತಿನಾದ್ಯಂತ ಆಕ್ರೋಶ ಎದ್ದ ಮೇಲೆ ನಿಲ್ಲಿಸಿದರು. 1991ರಲ್ಲಿ, ಆಗ ಹಾಂಗ್‌ಕಾಂಗ್ ಆಳುತ್ತಿದ್ದ ಬ್ರಿಟನ್, ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಮತ್ತೆ ಶುರು. ಒಟ್ಟು 67,000ದಷ್ಟು ಜನ, ಹೆಚ್ಚಿನವರು ಸ್ವಇಚ್ಛೆಯ ಪಟ್ಟಿಯಲ್ಲೇ, ಮರಳಿದರು. ವರ್ಷಗಟ್ಟಲೆ ತಂತಿಬೇಲಿಯೊಳಗೆ ಇದ್ದವರ ‘ಸ್ವಇಚ್ಛೆ’ಯನ್ನು ನಾನು ಪೂರ್ತಿ ಒಪ್ಪಲಾರೆ.

ಸರಿಯೇ ಅಂತ ಕೇಳಿದಿರಿ. ನ್ಯಾಯವಾಗಿ ವಿಚಾರಿಸಿ, ಅಪಾಯವಿಲ್ಲವೆಂದು ಖಚಿತವಾದವರನ್ನು ವಾಪಸ್ ಕಳಿಸಲು ಕಾನೂನಿನ ಅಡ್ಡಿಯಿಲ್ಲ. ನನ್ನ ತಕರಾರು ಇರುವುದು ಆ ‘ನ್ಯಾಯವಾಗಿ’ ಅನ್ನುವುದರ ಬಗ್ಗೆ. ಜೂನ್ 15ರಂದು ದಡ ಸೇರಿದವನಿಗೆ ಯಾರೂ ಪ್ರಶ್ನೆಯನ್ನೇ ಕೇಳಲಿಲ್ಲವಲ್ಲ ಸರ್.