ಸಹಾಯ ಬೇಕು: ‘ಮೀಟ್ ಮಿ ಇನ್ ಸೇಂಟ್ ಲೂಯಿಸ್’ ಚಿತ್ರದ ಮೂಲ ಕಥೆಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ವಿನ್ಸೆಂಟೆ ಮಿನೆಲ್ಲಿ ನಿರ್ದೇಶಿಸಿದ, ಜೂಡಿ ಗಾರ್ಲೆಂಡ್ ನಟಿಸಿರುವ 1944ರ ಈ ಸಂಗೀತಮಯ ಪ್ರೇಮಚಿತ್ರವನ್ನು ನಮ್ಮ ಚಿತ್ರಸಮಾಜದಲ್ಲಿ ಮುಂದಿನ ತಿಂಗಳು ತೋರಿಸಲಿದ್ದು, ಕಥೆಯು ಚಿತ್ರವಾದ ಬಗೆಯನ್ನು ಕುರಿತು ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಸ್ಯಾಲಿ ಬೆನ್ಸನ್ ಅವರು ತಮ್ಮ ಬಾಲ್ಯದ ನೆನಪುಗಳನ್ನು ‘5135 ಕೆನ್ಸಿಂಗ್ಟನ್’ ಎಂಬ ಶೀರ್ಷಿಕೆಯಡಿ ‘ದಿ ನ್ಯೂಯಾರ್ಕರ್’ ಪತ್ರಿಕೆಗೆ ಬಿಡಿಕಥೆಗಳಾಗಿ ಬರೆದು, ಅನಂತರ ಇನ್ನಷ್ಟು ಕಥೆಗಳನ್ನು ಸೇರಿಸಿ, ತಿಂಗಳಿಗೊಂದರಂತೆ ಹನ್ನೆರಡು ಅಧ್ಯಾಯಗಳ ಪುಸ್ತಕವನ್ನು 1942ರಲ್ಲಿ ಹೊರತಂದರು. ಚಿತ್ರವಾದರೋ 1903ರ ಬೇಸಿಗೆಯಿಂದ 1904ರ ವಿಶ್ವ ಪ್ರದರ್ಶನದವರೆಗೆ ನಾಲ್ಕು ಋತುಗಳಲ್ಲಿ ಸಾಗುತ್ತದೆ.

ತೊಡಕಿರುವುದು ಕ್ರಿಸ್‌ಮಸ್ ಮುನ್ನಾದಿನದ ರಾತ್ರಿಯ ಭಾಗದಲ್ಲಿ. ಊರು ಬಿಡಬೇಕಾದ ಸಂಕಟದಲ್ಲಿರುವ ಪುಟ್ಟ ಟೂಟಿ, ಅಕ್ಕ ಕಿಟಕಿಯ ಬಳಿ ಹಾಡಿ ಸಮಾಧಾನಪಡಿಸಿದರೂ ಕೇಳದೆ, ರಾತ್ರಿಯುಡುಪಿನಲ್ಲೇ ಅಂಗಳಕ್ಕೆ ಓಡಿ ಹಿಮದ ಬೊಂಬೆಗಳನ್ನು ಬಡಿದು ಕೆಡವುತ್ತಾಳೆ. (ಪ್ರೇಮಪ್ರಸಂಗಕ್ಕಿಂತ ಈ ದೃಶ್ಯವೇ ಚಿತ್ರದ ಜೀವಾಳವೆಂಬುದು ನನ್ನ ಅಭಿಪ್ರಾಯ.) ಇದು ಬೆನ್ಸನ್ ಅವರ ಕಥೆಯಿಂದ ಬಂದದ್ದೋ, ಚಿತ್ರಕಥೆ ಬರೆದ ಅರ್ವಿಂಗ್ ಬ್ರೆಕರ್ ಮತ್ತು ಫ್ರೆಡ್ ಫಿಂಕಲ್‌ಹಾಫ್ ಅವರ ಕಲ್ಪನೆಯೋ ಎಂಬುದು ಬಗೆಹರಿಯುತ್ತಿಲ್ಲ. ಗ್ರಂಥಾಲಯದಲ್ಲಿಯೂ ಹಳೆಯ ಪುಸ್ತಕದಂಗಡಿಗಳಲ್ಲಿಯೂ ವಿಚಾರಿಸಿದೆ, ಪುಸ್ತಕ ಸಿಗಲಿಲ್ಲ. ಓದಿದ ವಿಮರ್ಶೆಗಳೆಲ್ಲ ಹಾಡುಗಳನ್ನು ಹೊಗಳಿ ಅಲ್ಲಿಗೇ ನಿಲ್ಲುತ್ತವೆ.

ಮೂಲ ಪುಸ್ತಕವನ್ನು ಓದಿದವರು ದಯವಿಟ್ಟು ತಿಳಿಸಿ: ಅದರ ಡಿಸೆಂಬರ್ ಅಧ್ಯಾಯದಲ್ಲಿ ಹಿಮದ ಬೊಂಬೆಗಳ ಪ್ರಸಂಗವಿದೆಯೇ? ಇದ್ದರೆ, ಆ ಅಧ್ಯಾಯ ಮೊದಲು ಪತ್ರಿಕೆಯಲ್ಲಿ ಬಂದದ್ದೇ ಅಥವಾ ಪುಸ್ತಕಕ್ಕೆಂದೇ ಬರೆದದ್ದೇ?