ಆಲೆಮನೆ ಲೆಕ್ಕವನ್ನು ಎಕ್ಸೆಲ್‌ನಿಂದ ಡೇಟಾಬೇಸ್‌ಗೆ ತರಬೇಕು, ಎಲ್ಲಿಂದ ಶುರು ಮಾಡಲಿ?

ಕೇಳಿದವರು, ಕೆರಗೋಡು ಕಡೆಯಿಂದ, ಮಂಡ್ಯ

ನಮ್ಮ ದೊಡ್ಡಪ್ಪನ ಆಲೆಮನೆಯ ಲೆಕ್ಕವೆಲ್ಲ ಒಂದೇ ಎಕ್ಸೆಲ್ ಶೀಟಿನಲ್ಲಿದೆ: ರೈತರ ಹೆಸರು, ಊರು, ಕಬ್ಬಿನ ತಳಿ, ಲೋಡಿನ ತೂಕ, ಕೊಟ್ಟ ದುಡ್ಡು. ಒಬ್ಬರೇ ರೈತರ ಹೆಸರು ಮೂರು ಥರ ಟೈಪಾಗಿದೆ. ಬಾಕಿ ಎಷ್ಟು ಅಂತ ಯಾರಾದರೂ ಕೇಳಿದರೆ ಫಿಲ್ಟರ್ ಹಾಕಿ, ಕೂಡಿಸಿ ಹೇಳಬೇಕು. ಬಿಕಾಂ ಓದಿದ್ದೇನೆ, ಪ್ರೋಗ್ರಾಮಿಂಗ್ ಬರಲ್ಲ. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್. ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ, ಮೊದಲು ಏನು ಕಲಿಯಲಿ, ಹೊಸಬರು ಎಲ್ಲಿ ಎಡವುತ್ತಾರೆ, ತಿಳಿದವರು ಹೇಳಿ.

ಸರಸ್ವತಿಪುರಂ, ಮೈಸೂರು

ಎಸ್‌ಕ್ಯೂಎಲೈಟ್ ಸಾಕು. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು. ನೋಡಲು, ತುಂಬಲು ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಎಲೈಟ್’ ಹಾಕಿಕೊಳ್ಳಿ, ಉಚಿತ, 4 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ. ಮುಂದೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತರೂ ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಎಸ್‌ಕ್ಯೂಎಲೈಟ್ ಮಾಡ್ಯೂಲ್ ಅದರ ಜೊತೆಗೇ ಬರುತ್ತದೆ.

ಮೂರು ಟೇಬಲ್ ಮಾಡಿ. ರೈತ: ಐಡಿ, ಹೆಸರು, ಊರು, ಫೋನ್. ಲೋಡು: ಐಡಿ, ರೈತರ ಐಡಿ, ತಾರೀಖು, ತಳಿ, ತೂಕ, ದರ. ಪಾವತಿ: ಐಡಿ, ರೈತರ ಐಡಿ, ತಾರೀಖು, ಮೊತ್ತ. ಹೆಸರು ರೈತ ಟೇಬಲ್ಲಿನಲ್ಲಿ ಒಂದೇ ಸಲ ಇರಬೇಕು, ಉಳಿದ ಕಡೆ ಐಡಿ ಮಾತ್ರ. ಮೂರು ಥರದ ಹೆಸರಿನ ಕಾಟ ಅಲ್ಲಿಗೆ ನಿಲ್ಲುತ್ತದೆ. ದರವನ್ನು ಮಾತ್ರ ಲೋಡಿನ ಸಾಲಿನಲ್ಲೇ ಇಡಿ. ಬೇರೆ ಕಡೆ ಒಂದೇ ದರ ಬರೆದಿಟ್ಟರೆ, ಅದನ್ನು ಬದಲಿಸಿದ ದಿನ ಹಳೆಯ ಲೋಡುಗಳ ಲೆಕ್ಕವೂ ಬದಲಾಗುತ್ತದೆ.

ರೈತರ ಐಡಿಗೆ ಫಾರಿನ್ ಕೀ (ಆ ಐಡಿ ರೈತ ಟೇಬಲ್ಲಿನಲ್ಲಿ ಇರಲೇಬೇಕೆಂಬ ನಿಯಮ) ಹಾಕಿದರಷ್ಟೇ ಸಾಲದು. ಎಸ್‌ಕ್ಯೂಎಲೈಟ್‌ನಲ್ಲಿ ಆ ಕಾವಲು ಸಾಮಾನ್ಯವಾಗಿ ಆಫ್ ಆಗಿಯೇ ಇರುತ್ತದೆ. ಪ್ರತಿ ಸಲ ಕನೆಕ್ಷನ್ ತೆರೆದಾಗಲೂ ‘ಪ್ರಾಗ್ಮಾ ಫಾರಿನ್_ಕೀಸ್ = ಆನ್’ ಕೊಡಬೇಕು. ಇಲ್ಲದಿದ್ದರೆ ಇಲ್ಲದ ರೈತರ ಹೆಸರಿಗೂ ಲೋಡು ಬರೆದುಕೊಳ್ಳುತ್ತದೆ.

ಮಂಡ್ಯ, ಕಾಲೇಜು ಲ್ಯಾಬಿನಲ್ಲಿ ಡೇಟಾಬೇಸ್ ಕಲಿಸುವವರು

ಮೇಲಿನವರು ಹೇಳಿದ ವಿನ್ಯಾಸ ಸರಿ. ಅದಕ್ಕೆ ಸೇರಿಸಬೇಕಾದ್ದಿದೆ.

ಫೋನ್ ನಂಬರನ್ನೇ ಗುರುತಾಗಿ ಬಳಸೋಣ ಅನ್ನಿಸಬಹುದು. ಬೇಡ ತಂಗಿ. ಅಪ್ಪ, ಮಗ, ಚಿಕ್ಕಪ್ಪ ಮೂವರೂ ಒಂದೇ ನಂಬರ್ ಕೊಟ್ಟಿರುತ್ತಾರೆ, ಮುಂದಿನ ವರ್ಷಕ್ಕೆ ಅದೇ ಬದಲಾಗಿರುತ್ತದೆ. ಹೆಸರು ಮತ್ತು ಊರು ಸೇರಿಸಿದರೂ ಸಾಲದು, ಒಂದೇ ಊರಿನಲ್ಲಿ ಇಬ್ಬರು ನಿಂಗೇಗೌಡರು ಇರುವುದು ನಮ್ಮ ಕಡೆ ಮಾಮೂಲು. ತಂದೆಯ ಹೆಸರಿಗೂ ಒಂದು ಕಾಲಮ್ ಇಡಿ, ಗುರುತಿಗೆ ಅರ್ಥವಿಲ್ಲದ ಒಂದು ಸಂಖ್ಯೆ ಇರಲಿ. ‘ಇಂಟಿಜರ್ ಪ್ರೈಮರಿ ಕೀ’ ಅಂದರೆ ಅದು ತಾನೇ ತುಂಬಿಕೊಳ್ಳುತ್ತದೆ.

ತೂಕವನ್ನು ಕೆಜಿಯಲ್ಲಿ ಪೂರ್ಣಾಂಕವಾಗಿ ಬರೆಯಿರಿ. ವೇಬ್ರಿಡ್ಜ್ ಚೀಟಿಯಲ್ಲಿ ಬರುವುದೂ ಕೆಜಿಯೇ. ದುಡ್ಡನ್ನು ಪೈಸೆಯಲ್ಲಿ ಇಡಿ. ದಶಮಾಂಶ ಸಂಖ್ಯೆಯನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಅಂದಾಜಾಗಿ ಹಿಡಿಯುತ್ತದೆ. ಪೈಥಾನ್‌ನಲ್ಲಿ 0.1 + 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಸಾವಿರ ಸಾಲು ಕೂಡಿಸಿ ‘ಬಾಕಿ ಸೊನ್ನೆಯೇ?’ ಎಂದು ಕೇಳಿದಾಗ ಇದೇ ಕಾಡುವುದು.

ತಾರೀಖು 2024-11-05 ರೀತಿಯಲ್ಲೇ ಇರಲಿ: ವರ್ಷ, ತಿಂಗಳು, ದಿನ. ಎಸ್‌ಕ್ಯೂಎಲೈಟ್‌ನಲ್ಲಿ ತಾರೀಖಿಗೆಂದು ಪ್ರತ್ಯೇಕ ಜಾತಿ (ಡೇಟಾ ಟೈಪ್) ಇಲ್ಲ, ಪಠ್ಯವಾಗಿಯೇ ಇಡುವುದು ವಾಡಿಕೆ. 05-11-2024 ಎಂದು ಬರೆದರೆ ಎಲ್ಲ ತಿಂಗಳ 5ನೇ ತಾರೀಖುಗಳೂ ಒಟ್ಟಿಗೆ ಬಂದು ನಿಲ್ಲುತ್ತವೆ.

ಇನ್ನೊಂದು ಮುಖ್ಯ. ಎಸ್‌ಕ್ಯೂಎಲೈಟ್‌ನಲ್ಲಿ ಇಂಟಿಜರ್ ಕಾಲಮ್ಮಿಗೂ ಪಠ್ಯ ನುಗ್ಗುತ್ತದೆ. ‘4,250’ ಎಂದು ಅಲ್ಪವಿರಾಮ ಸಮೇತ ಹೋದರೆ ತಕರಾರಿಲ್ಲದೆ ಕೂರುತ್ತದೆ, ಕೂಡಿಸುವಾಗ 4 ಎಂದಷ್ಟೇ ಲೆಕ್ಕಕ್ಕೆ ಬರುತ್ತದೆ. ಟೇಬಲ್ ಮಾಡುವ ಆದೇಶದ ಕೊನೆಯಲ್ಲಿ ‘ಸ್ಟ್ರಿಕ್ಟ್’ ಸೇರಿಸಿ. 2021ರ 3.37 ಆವೃತ್ತಿಯಿಂದ ಈ ಸೌಲಭ್ಯವಿದೆ, ತಪ್ಪು ಜಾತಿಯದು ಬಂದರೆ ಬಾಗಿಲಲ್ಲೇ ತಡೆಯುತ್ತದೆ. ತೂಕಕ್ಕೆ ‘ಚೆಕ್ (ತೂಕ > 0)’ ಕೂಡ ಹಾಕಿ.

ಕುವೆಂಪುನಗರ, ಮೈಸೂರು

ಕನ್ನಡದ ವಿಷಯ ಯಾರೂ ಹೇಳಿಲ್ಲ. ಹಳೆಯ ಶೀಟು ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿದೆಯೋ, ಎಲ್ಲ ಕಂಪ್ಯೂಟರಿಗೂ ತಿಳಿಯುವ ಯುನಿಕೋಡ್‌ನಲ್ಲಿದೆಯೋ ಮೊದಲು ನೋಡಿ. ಒಂದು ಸೆಲ್ಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಹಳೇ ಫಾಂಟು, ಯುನಿಕೋಡ್‌ಗೆ ಪರಿವರ್ತಿಸದೆ ಮುಂದೆ ಹೋಗಬೇಡಿ. ಎಕ್ಸೆಲ್‌ನಿಂದ ಉಳಿಸುವಾಗ ಬರೀ ‘ಸಿಎಸ್‌ವಿ’ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಇಲ್ಲವಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಆ ಫೈಲನ್ನು ಪೈಥಾನ್‌ನಲ್ಲಿ ತೆರೆಯುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಎಂದು ಕೊಡಿ. ಬರೀ ಯುಟಿಎಫ್-8 ಕೊಟ್ಟರೆ ಮೊದಲ ಕಾಲಮ್ಮಿನ ಹೆಸರಿಗೆ ಕಾಣದ ಒಂದು ಗುರುತು ಅಂಟಿಕೊಂಡು, ‘ಅಂಥ ಕಾಲಮ್ ಇಲ್ಲ’ ಎನ್ನುತ್ತದೆ.

ಕಣ್ಣಿಗೆ ಒಂದೇ ಥರ ಕಂಡ ಹೆಸರು ಕಂಪ್ಯೂಟರಿಗೆ ಎರಡಾಗಿರಬಹುದು. ‘ರಾಜ್‌ಕುಮಾರ್’ ಬರೆಯುವಾಗ ಜ್ ಮತ್ತು ಕು ಒತ್ತಾಗದಿರಲೆಂದು ನಡುವೆ ಕಾಣದ ಒಂದು ಅಕ್ಷರ ಸೇರುತ್ತದೆ. ‘ಕೊಪ್ಪ’ದ ಕೊ ಕೂಡ ಒಂದೇ ಸ್ವರಚಿಹ್ನೆಯಾಗಿಯೂ ಎರಡು ಚಿಹ್ನೆಗಳ ಜೋಡಿಯಾಗಿಯೂ ಕೂರಬಲ್ಲದು. ಪೈಥಾನ್‌ನ ‘ಯುನಿಕೋಡ್‌ಡೇಟಾ.ನಾರ್ಮಲೈಸ್’ಗೆ ‘ಎನ್‌ಎಫ್‌ಸಿ’ ಕೊಟ್ಟರೆ ಎರಡನೆಯದು ಸರಿಹೋಗುತ್ತದೆ. ಕಾಣದ ಅಕ್ಷರವನ್ನು ಅದು ಮುಟ್ಟುವುದಿಲ್ಲ, ಆದ್ದರಿಂದ ಹೋಲಿಸಿ ನೋಡುವ ಪ್ರತಿಯಲ್ಲಿ ಅದನ್ನು ಬೇರೆಯಾಗಿ ತೆಗೆಯಬೇಕು. ಹಿಂದೆ ಮುಂದೆ ಉಳಿದ ಖಾಲಿ ಜಾಗಕ್ಕೆ ‘ಸ್ಟ್ರಿಪ್’.

ತಳಿಯ ಕಾಲಮ್ಮನ್ನೂ ನೋಡಿಕೊಳ್ಳಿ. ವಿಸಿಎಫ್ 0517 ತಳಿಯನ್ನು ಬರೀ 0517 ಎಂದು ಹೊಡೆದರೆ ಎಕ್ಸೆಲ್ ಅದನ್ನು 517 ಮಾಡುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆಯ ಮುಂದಿನ ಸೊನ್ನೆಗಳೂ ಹೀಗೇ ಹೋಗುತ್ತವೆ, 15 ಅಂಕಿ ದಾಟಿದರೆ ಕೊನೆಯ ಅಂಕಿಗಳೂ ಸೊನ್ನೆಯಾಗುತ್ತವೆ. ಕೂಡಿಸಿ ಕಳೆಯದ ಸಂಖ್ಯೆಗಳೆಲ್ಲ ಪಠ್ಯವಾಗಿರಲಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಶೀಟು ಯುನಿಕೋಡ್‌ನಲ್ಲೇ ಇದೆ. ಟೇಬಲ್ ಮೂರಾದರೆ ಬಾಕಿ ತೆಗೆಯಲು ಮೂರನ್ನೂ ಜಾಯಿನ್ ಮಾಡಬೇಕಲ್ಲವೇ, ಅಂದರೆ ಐಡಿ ಹಿಡಿದು ಜೋಡಿಸಬೇಕಲ್ಲವೇ? ಅದು ಹೇಗೆ?

ವಿಜಯನಗರ, ಮೈಸೂರು

ಹೊಸಬರು ಹೆಚ್ಚು ಕೆಡುವುದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಬ್ಬ ರೈತರಿಗೆ ಮೂರು ಲೋಡು: 4,000, 5,000, 6,000 ಕೆಜಿ. ಒಟ್ಟು 15,000. ಪಾವತಿ ಎರಡು: ₹10,000, ₹8,000. ಒಟ್ಟು ₹18,000. ರೈತ, ಲೋಡು, ಪಾವತಿ ಮೂರನ್ನೂ ನೇರ ಜಾಯಿನ್ ಮಾಡಿ ‘ಸಮ್’ ಹಾಕಿದರೆ ಬರುವುದು 30,000 ಕೆಜಿ, ₹54,000. ಎರರ್ ಏನೂ ಬರುವುದಿಲ್ಲ. ಪ್ರತಿ ಲೋಡೂ ಪ್ರತಿ ಪಾವತಿಯ ಜೊತೆ ಸೇರಿ 3 × 2 = 6 ಸಾಲು ಆಗಿವೆ, ಅದಕ್ಕೇ ತೂಕ ಎರಡರಷ್ಟು, ದುಡ್ಡು ಮೂರರಷ್ಟು. ‘ಡಿಸ್ಟಿಂಕ್ಟ್’ (ಒಂದೇ ಥರದವನ್ನು ಒಂದೇ ಸಲ ಎಣಿಸು ಎಂಬ ಆದೇಶ) ಹಾಕಿ ಸರಿಮಾಡಲು ಹೋಗಬೇಡಿ. ಎರಡು ಲೋಡಿನ ತೂಕ ಒಂದೇ ಆಗಿದ್ದರೆ ಒಂದನ್ನು ನುಂಗಿಬಿಡುತ್ತದೆ.

ಸರಿಯಾದ ದಾರಿ: ಮೊದಲು ಲೋಡು ಟೇಬಲ್ಲನ್ನು ಒಂಟಿಯಾಗಿ ತೆಗೆದುಕೊಂಡು ‘ಗ್ರೂಪ್ ಬೈ ರೈತ_ಐಡಿ’ ಮಾಡಿ ಪ್ರತಿ ರೈತರಿಗೆ ತೂಕ × ದರದ ಮೊತ್ತ ತೆಗೆಯಿರಿ. ಪಾವತಿಗೂ ಬೇರೆಯಾಗಿ ಹಾಗೇ. ಈಗ ಎರಡರಲ್ಲೂ ಒಬ್ಬ ರೈತರಿಗೆ ಒಂದೇ ಸಾಲು. ಆಮೇಲೆ ಇವೆರಡನ್ನೂ ‘ವಿತ್’ ಮೂಲಕ ಹೆಸರಿಟ್ಟು ರೈತ ಟೇಬಲ್ಲಿಗೆ ‘ಲೆಫ್ಟ್ ಜಾಯಿನ್’ ಮಾಡಿ. ಬರೀ ‘ಜಾಯಿನ್’ ಮಾಡಿದರೆ ಇನ್ನೂ ಒಂದು ರೂಪಾಯಿಯೂ ಪಡೆಯದ ರೈತರೇ ಪಟ್ಟಿಯಿಂದ ಮಾಯ. ಬಾಕಿ ಹೆಚ್ಚಿರುವುದು ಅವರಿಗೇ ಅಲ್ಲವೇ?

ಲೆಫ್ಟ್ ಜಾಯಿನ್‌ನಲ್ಲಿ ಪಾವತಿ ಇಲ್ಲದವರ ಮೊತ್ತ ‘ನಲ್’ (ಏನೂ ಇಲ್ಲ) ಆಗಿ ಬರುತ್ತದೆ. ಯಾವ ಸಂಖ್ಯೆಯಿಂದ ನಲ್ ಕಳೆದರೂ ಉತ್ತರ ನಲ್, ಬಾಕಿಯ ಜಾಗ ಖಾಲಿ ಕಾಣುತ್ತದೆ. ‘ಕೋಅಲೆಸ್(ಮೊತ್ತ, 0)’ ಎಂದು ಬರೆಯಿರಿ, ನಲ್ ಇದ್ದಲ್ಲಿ 0 ಹಿಡಿಯುತ್ತದೆ. ನಲ್ ಇದೆಯೇ ಎಂದು ಕೇಳಲು ‘= ನಲ್’ ನಡೆಯದು, ‘ಈಸ್ ನಲ್’ ಬೇಕು.

ಯಾವ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬರೆದರೂ ಇಬ್ಬರು ಮೂವರು ರೈತರ ಲೆಕ್ಕವನ್ನು ಚೀಟಿ ಹಿಡಿದು ಕೈಯಲ್ಲಿ ಮಾಡಿ ತಾಳೆ ನೋಡಿ. ಒಂದಕ್ಕಿಂತ ಹೆಚ್ಚು ಲೋಡು, ಒಂದಕ್ಕಿಂತ ಹೆಚ್ಚು ಪಾವತಿ ಇರುವವರನ್ನೇ ಆರಿಸಿ. ಒಂದೊಂದೇ ಇರುವವರಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ.

ಮದ್ದೂರು

‘ಅಪ್‌ಡೇಟ್’, ‘ಡಿಲೀಟ್’ ಕೊಡುವ ಮುಂಚೆ ಅದೇ ‘ವೇರ್’ (ಯಾವ ಸಾಲುಗಳು ಎಂಬ ಷರತ್ತು) ಹಾಕಿ ‘ಸೆಲೆಕ್ಟ್’ ಮಾಡಿ, ಎಷ್ಟು ಸಾಲು ಬರುತ್ತವೆ ನೋಡಿಕೊಳ್ಳಿ. ವೇರ್ ಮರೆತರೆ ಇಡೀ ಟೇಬಲ್ ಬದಲಾಗುತ್ತದೆ. ಡಿಬಿ ಬ್ರೌಸರ್‌ನಲ್ಲಿ ‘ರೈಟ್ ಚೇಂಜಸ್’ ಒತ್ತುವ ತನಕ ‘ರಿವರ್ಟ್ ಚೇಂಜಸ್’ ಕೈಯಲ್ಲಿರುತ್ತದೆ. ಆದರೆ ಹಾಗೆ ಅರ್ಧಕ್ಕೆ ಬಿಟ್ಟು ಪೈಥಾನ್‌ನಿಂದ ಬರೆಯಲು ಹೋದರೆ 5 ಸೆಕೆಂಡ್ ಕಾದು ‘ಡೇಟಾಬೇಸ್ ಈಸ್ ಲಾಕ್ಡ್’ ಎನ್ನುತ್ತದೆ.

ಪೈಥಾನ್‌ನಲ್ಲಿ ಹೆಸರನ್ನು ಕ್ವೆರಿಯ ಸಾಲಿಗೆ ನೇರ ಅಂಟಿಸಬೇಡಿ. ಪ್ರಶ್ನಾರ್ಥಕ ಚಿಹ್ನೆ ಇಟ್ಟು ಬೆಲೆಯನ್ನು (ಅಲ್ಲಿ ತುಂಬಬೇಕಾದ ಹೆಸರು, ಸಂಖ್ಯೆ) ಬೇರೆಯಾಗಿ ಕೊಡಿ. ಡಿ'ಸೋಜಾ ಎಂಬ ಹೆಸರಿನ ಒಂಟಿ ಉದ್ಧರಣ ಚಿಹ್ನೆಯೊಂದೇ ಸಾಕು ಕ್ವೆರಿ ಮುರಿಯಲು, ಕಿಡಿಗೇಡಿಗಳು ಒಳನುಗ್ಗುವ ದಾರಿಯೂ ಅದೇ. ಬೆಲೆ ಒಂದೇ ಇದ್ದರೂ ಆವರಣದೊಳಗೆ ಅದರ ನಂತರ ಅಲ್ಪವಿರಾಮ ಇರಲಿ. ಇಲ್ಲದಿದ್ದರೆ ಹೆಸರಿನ ಪ್ರತಿ ಅಕ್ಷರವನ್ನೂ ಒಂದೊಂದು ಬೆಲೆಯೆಂದು ಎಣಿಸಿ ತಕರಾರು ತೆಗೆಯುತ್ತದೆ. ಕೊನೆಯಲ್ಲಿ ‘ಕಮಿಟ್’ ಮರೆಯಬೇಡಿ, ಮರೆತರೆ ಪ್ರೋಗ್ರಾಂ ಮುಗಿದಾಗ ಬರೆದದ್ದು ಉಳಿಯುವುದಿಲ್ಲ.

ಕೇಳಿದವರು

ಒಂದೇ ಒಂದು ಉಳಿಯಿತು. ತೂಕದ ಮನೆಯಿಂದ ತಮ್ಮನೂ ಎಂಟ್ರಿ ಮಾಡುವಂತಾಗಲು ಫೈಲನ್ನು ಗೂಗಲ್ ಡ್ರೈವ್ ಫೋಲ್ಡರಿನಲ್ಲಿ ಇಡಬಹುದೇ?

ಸರಸ್ವತಿಪುರಂ, ಮೈಸೂರು

ಖಂಡಿತ ಬೇಡ. ಎರಡೂ ಕಡೆ ತೆರೆದು ಬರೆದರೆ ಫೈಲು ಹಾಳಾಗಬಹುದು, ಇಲ್ಲವೇ ಒಬ್ಬರದು ಇನ್ನೊಬ್ಬರದನ್ನು ಅಳಿಸುತ್ತದೆ. ಸದ್ಯಕ್ಕೆ ತಮ್ಮ ಚೀಟಿಯ ಫೋಟೊ ಕಳಿಸಲಿ, ನೀವೊಬ್ಬರೇ ಎಂಟ್ರಿ ಮಾಡಿ. ಇಬ್ಬರೂ ಬರೆಯಲೇಬೇಕು ಎನ್ನುವ ದಿನ ಬಂದರೆ ಪೋಸ್ಟ್‌ಗ್ರೆಸ್ ಎಂಬ ಸರ್ವರ್ ಡೇಟಾಬೇಸ್ ಹಾಕಿ, ಟೇಬಲ್‌ಗಳೂ ಕ್ವೆರಿಗಳೂ ಸಣ್ಣಪುಟ್ಟ ಬದಲಾವಣೆಯೊಂದಿಗೆ ಅಲ್ಲೂ ನಡೆಯುತ್ತವೆ. ಡ್ರೈವ್‌ಗೆ ಹೋಗಬೇಕಾದ್ದು ಬ್ಯಾಕಪ್ ಪ್ರತಿ ಮಾತ್ರ. ದಿನದ ಕೆಲಸ ಮುಗಿದ ಮೇಲೆ ‘ವ್ಯಾಕ್ಯೂಮ್ ಇನ್‌ಟು’ ಕೊಟ್ಟು ಅಂದಿನ ತಾರೀಖಿನ ಹೆಸರಲ್ಲಿ ಹೊಸ ಫೈಲು ಮಾಡಿ ಅಲ್ಲಿಗೆ ಹಾಕಿ. ವಾರಕ್ಕೊಮ್ಮೆ ಆ ಪ್ರತಿಯನ್ನು ತೆರೆದು ಲೋಡಿನ ಸಾಲುಗಳನ್ನು ಎಣಿಸಿ ನೋಡಿ.